ಆಕಾಶದ ಬಂಡಿದಾರಿ

2022ರ ಮಾರ್ಚ್‌ನಲ್ಲಿ ನನ್ನ ಹೆಸರಿಗೆ ಒಂದು ಬಗ್ ಬಂತು. ಆಗ ನಾನು ವಿಮಾನದ ಟಿಕೆಟ್ ಮಾರುವ ಒಂದು ಸಣ್ಣ ಕಂಪನಿಯಲ್ಲಿದ್ದೆ. ಗ್ರಾಹಕರೊಬ್ಬರು ಬರೆದದ್ದು ಇಷ್ಟು: "ಹೆಲ್ಸಿಂಕಿಯಿಂದ ಟೋಕಿಯೋಗೆ ನಿಮ್ಮ ಪುಟ 9 ಗಂಟೆ 40 ನಿಮಿಷ ಅಂತ ತೋರಿಸ್ತಿದೆ. ಟಿಕೆಟ್‌ನಲ್ಲಿ 13 ಗಂಟೆ ಅಂತಿದೆ. ಯಾವುದು ಸರಿ?"

ಆ 9 ಗಂಟೆ 40 ನಿಮಿಷ ಬರೆದವನು ನಾನೇ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶ ಕೊಟ್ಟರೆ ನಡುವಿನ ದೂರ ಹೇಳುವ ಒಂದು ಹಳೇ ಸೂತ್ರ ಇದೆ, ಹಾವರ್‌ಸೈನ್ ಅಂತ. ಹಡಗಿನವರು ಬಳಸುತ್ತಿದ್ದದ್ದು. ಬಿಇ ಓದುವಾಗ ಯಾವುದೋ ಲ್ಯಾಬ್‌ನಲ್ಲಿ ಒಮ್ಮೆ ಬರೆದಿದ್ದೆ, ಕಂಪನಿಯಲ್ಲಿ ಇನ್ನೊಮ್ಮೆ ಬರೆದೆ. ಬಂದ ಕಿಲೋಮೀಟರನ್ನು 850ರಿಂದ ಭಾಗಿಸು, ಏರೋದಕ್ಕೆ ಇಳಿಯೋದಕ್ಕೆ ಅಂತ ಅರ್ಧ ಗಂಟೆ ಕೂಡಿಸು. ಹೆಲ್ಸಿಂಕಿ ಟೋಕಿಯೋ ನಡುವೆ ಸುಮಾರು 7,800 ಕಿಲೋಮೀಟರ್. ಲೆಕ್ಕ ಸರಿಯಾಗೇ ಇತ್ತು. ಆರು ಸಾಲಿನ ಫಂಕ್ಷನ್, ಎರಡು ವರ್ಷ ಯಾರೂ ಮುಟ್ಟಿರಲಿಲ್ಲ.

ಬಗ್ ಮುಚ್ಚೋದಕ್ಕೆ ಒಂದು ಮಧ್ಯಾಹ್ನ ಸಾಕಿತ್ತು. ಆದ್ರೆ ಆ ಆರು ಸಾಲು ಎಲ್ಲೆಲ್ಲಿ ಸುಳ್ಳಾಗುತ್ತೆ ಅಂತ ಹುಡುಕ್ತಾ ಹೋದವನು ಅವತ್ತಿಂದ ಇವತ್ತಿನವರೆಗೂ ಪೂರ್ತಿ ವಾಪಸ್ ಬಂದಿಲ್ಲ.

ಮೊದಲು ನಮಗೆ ಗೊತ್ತಿರೋ ದಾರಿಯನ್ನೇ ನೋಡೋಣ. ಬೆಂಗಳೂರು ಮತ್ತು ಸ್ಯಾನ್‌ಫ್ರಾನ್ಸಿಸ್ಕೋ. ನಿಮ್ಮಲ್ಲಿ ಅರ್ಧ ಜನಕ್ಕೆ ಈ ದಾರಿಯಲ್ಲಿ ಯಾರೋ ಒಬ್ಬರಾದರೂ ಇರ್ತಾರೆ: ಅಕ್ಕ, ಭಾವ, ಹಾಸ್ಟೆಲ್ ರೂಮ್‌ಮೇಟ್, ಇಲ್ಲಾ ನಿಮ್ಮ ಮ್ಯಾನೇಜರ್. ಹಾವರ್‌ಸೈನ್ ಪ್ರಕಾರ ಈ ಎರಡರ ನಡುವೆ ಸುಮಾರು 13,990 ಕಿಲೋಮೀಟರ್. ಗೋಡೆ ಮೇಲಿನ ನಕ್ಷೆ ನೋಡಿದ್ರೆ ಪೆಸಿಫಿಕ್ ಸಾಗರದ ಮೇಲೆ ಅಡ್ಡಕ್ಕೆ ಹೋಗಬೇಕು ಅನ್ನಿಸುತ್ತೆ. ಅದು ನಕ್ಷೆ ಮಾಡೋ ಮೋಸ. ಒಂದು ಗ್ಲೋಬ್ ತಗೊಂಡು ದೇವನಹಳ್ಳಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ದಾರ ಬಿಗಿದು ಹಿಡೀರಿ. ದಾರ ನೇಪಾಳ ದಾಟಿ, ಟಿಬೆಟ್ ಹತ್ತಿ, ಮಂಗೋಲಿಯಾ, ಸೈಬೀರಿಯಾ ಕಳೆದು, ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತೆ. ಅದೇ ಹತ್ತಿರದ ದಾರಿ. ಆ ದಾರದ ಮೇಲೇ ಕರಾರುವಾಕ್ಕಾಗಿ ಹಾರಿದ ಪ್ರಯಾಣಿಕ ವಿಮಾನದ ಬಗ್ಗೆ ನಾನಂತೂ ಎಲ್ಲೂ ಓದಿಲ್ಲ.

ಒಂದು ಕಾರಣ ಗಾಳಿ. 1920ರ ದಶಕದಲ್ಲಿ ಜಪಾನಿನ ವಾಸಾಬುರೊ ಓಯಿಶಿ ಅನ್ನೋ ಹವಾಮಾನ ವಿಜ್ಞಾನಿ ಬಲೂನು ಬಿಟ್ಟು ಬಿಟ್ಟು ಅಳೆದು, ಬಹಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ನದಿಯಷ್ಟು ಜೋರಾಗಿ ಗಾಳಿ ಹರೀತಿದೆ ಅಂತ ಕಂಡುಕೊಂಡ. ಪ್ರಪಂಚಕ್ಕೆಲ್ಲ ತಿಳೀಲಿ ಅಂತ ಆ ವರದಿಯನ್ನ ಎಸ್ಪೆರಾಂಟೋ ಭಾಷೇಲಿ ಬರೆದ! ಪಾಪ, ಹೊರಗಿನವರು ಹೆಚ್ಚಾಗಿ ಯಾರೂ ಗಮನಿಸಲಿಲ್ಲ. ಕೊನೆಗೆ 1952ರ ನವೆಂಬರ್‌ನಲ್ಲಿ ಪ್ಯಾನ್ ಆಮ್ ಕಂಪನಿಯ ಒಂದು ವಿಮಾನ 25,000 ಅಡಿಗೆ ಏರಿ ಆ ಗಾಳಿಯ ಬೆನ್ನೇರಿತು. ಟೋಕಿಯೋದಿಂದ ಹೊನೊಲುಲುಗೆ 18 ಗಂಟೆ ಆಗುತ್ತಿದ್ದ ಪ್ರಯಾಣ ಹನ್ನೊಂದೂವರೆ ಗಂಟೆಗೆ ಮುಗೀತು. ನಿಲ್ದಾಣ ಎರಡೂ ಅವೇ, ದೂರ ಅದೇ, ಆರೂವರೆ ಗಂಟೆ ಮಾಯ.

ಇನ್ನೂ ಮಜಾ ಇರೋದು 2016ರಲ್ಲಿ. ಏರ್ ಇಂಡಿಯಾ ಅದರ ಹಿಂದಿನ ವರ್ಷವಷ್ಟೇ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ನೇರ ವಿಮಾನ ಶುರು ಮಾಡಿತ್ತು, ಅಟ್ಲಾಂಟಿಕ್ ಕಡೆಯಿಂದ, ಸುಮಾರು 13,900 ಕಿಲೋಮೀಟರ್. ಆ ಅಕ್ಟೋಬರಲ್ಲಿ ದಿಕ್ಕನ್ನೇ ತಿರುಗಿಸಿ ಪೆಸಿಫಿಕ್ ಕಡೆಯಿಂದ ಹೊರಟರು. ದೂರ 15,300ಕ್ಕೆ ಏರಿತು. ಸಮಯ? ಸುಮಾರು ಎರಡು ಗಂಟೆ ಕಮ್ಮಿ ಆಯ್ತು, ಹದಿನಾಲ್ಕೂವರೆ ಗಂಟೇಲಿ ತಲುಪಿದರು. 1,400 ಕಿಲೋಮೀಟರ್ ಜಾಸ್ತಿ ಹಾರಿ ಮುಂಚೆ ಮುಟ್ಟೋದು. ನನ್ನ 850ರ ಭಾಗಾಕಾರ ಇದನ್ನ ನೋಡಿದ್ರೆ ನೇಣು ಹಾಕ್ಕೊಳ್ತಿತ್ತು.

ಆದ್ರೆ ಹೆಲ್ಸಿಂಕಿಯ ಬಗ್ ಗಾಳಿಯದ್ದಲ್ಲ. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಯುರೋಪಿನವರು ರಷ್ಯಾದ ವಿಮಾನಗಳಿಗೆ ತಮ್ಮ ಆಕಾಶ ಮುಚ್ಚಿದರು, ರಷ್ಯಾ ಯುರೋಪಿನವರಿಗೆ ತನ್ನ ಆಕಾಶ ಮುಚ್ಚಿತು. ಫಿನ್ಲೆಂಡಿನಿಂದ ಜಪಾನಿಗೆ ಹೋಗೋ ದಾರಿ ಅಂದ್ರೆ ಬಹುಪಾಲು ರಷ್ಯಾನೇ. ಫಿನ್ನೇರ್‌ನವರು ಮಾರ್ಚ್ 9ರಿಂದ ಉತ್ತರ ಧ್ರುವದ ಕಡೆಗೆ ಹತ್ತಿ, ಆ ಕಡೆಯಿಂದ ಅಲಾಸ್ಕಾ ಬಳಿ ಇಳಿದು ಟೋಕಿಯೋ ಸೇರತೊಡಗಿದರು. ಒಂಬತ್ತು ಚಿಲ್ಲರೆ ಗಂಟೆ ಹದಿಮೂರಾಯ್ತು. ನಾನು ಟ್ರ್ಯಾಕಿಂಗ್ ಆಪ್‌ನಲ್ಲಿ ಆ ಹಳದಿ ವಿಮಾನ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗೋದನ್ನ ನೋಡ್ತಾ ಕೂತಿದ್ದೆ. ಆಗ ನೆನಪಾಗಿದ್ದು ನಮ್ಮೂರಿನ ಬಂಡಿದಾರಿ.

* * *

ನಮ್ಮೂರು ಅರಸೀಕೆರೆ ಸೀಮೆ. ನಮ್ಮ ತಾತನ ಬಾಯಲ್ಲಿ ಕಿಲೋಮೀಟರ್ ಅನ್ನೋ ಮಾತೇ ಇರಲಿಲ್ಲ. ಹತ್ತಿರ ಆದ್ರೆ "ಕೂಗಳತೆ", ದೂರ ಆದ್ರೆ "ಹರದಾರಿ". ಹರದಾರಿ ಅಂದ್ರೆ ಹೆಚ್ಚು ಕಮ್ಮಿ ಮೂರು ಮೈಲಿ ಅಂತ ಪುಸ್ತಕ ಹೇಳುತ್ತೆ, ಆದ್ರೆ ತಾತನ ಹರದಾರಿ ಮಳೆಗಾಲದಲ್ಲಿ ಉದ್ದ ಆಗ್ತಿತ್ತು. ಹಳ್ಳ ಬಂದಿದ್ರೆ ಪಕ್ಕದೂರೂ ದೂರವೇ.

ನಮ್ಮ ತೆಂಗಿನ ತೋಟ ಮನೆಯಿಂದ ಕೂಗಳತೆ. ಅಪ್ಪ ತೋಟದಲ್ಲಿ ನಿಂತು ಕೂಗಿದ್ರೆ ಅಮ್ಮನಿಗೆ ಕೇಳಿಸ್ತಿತ್ತು. ಆದ್ರೆ ನಡುವೆ ಒಬ್ಬರ ಹೊಲ ಇತ್ತು. ಆ ಹೊಲದ ಬದುವಿನ ಮೇಲೆ ತಲೆಮಾರಿನಿಂದ ಬಂಡಿದಾರಿ. ನಾನು ಪಿಯುಸಿ ಓದ್ತಿದ್ದಾಗ ನೀರಿನ ವಿಷಯಕ್ಕೋ ಗಡಿಕಲ್ಲಿನ ವಿಷಯಕ್ಕೋ ಮಾತು ಬೆಳೆದು, ಅವರು ಒಂದು ಬೆಳಗ್ಗೆ ಜಾಲಿಮುಳ್ಳು ಕಡಿದು ತಂದು ಅಡ್ಡ ಹಾಕಿದರು. ಅವತ್ತಿಂದ ನಮ್ಮ ಬಂಡಿ ಊರು ಸುತ್ತಿ, ಕೆರೆ ಏರಿ ಮೇಲೆ ಹೋಗಿ, ಆ ಕಡೆಯಿಂದ ಇಳಿದು ತೋಟ ಸೇರಬೇಕಾಯ್ತು. ಕೂಗಳತೆ ದೂರ ಮುಕ್ಕಾಲು ಗಂಟೆ ಆಯ್ತು. ತಹಸೀಲ್ದಾರ್ ಆಫೀಸಿಗೆ ಅರ್ಜಿ ಹೋಯ್ತು, ನಕಾಶೆ ತೆಗೆಸಿದ್ವಿ. ನಕಾಶೆಯಲ್ಲಿ ದಾರಿಯ ಚುಕ್ಕಿಗೆರೆ ಇದೆ. ಹೊಲದಲ್ಲಿ ಮುಳ್ಳು ಇದೆ. ಅಪ್ಪ ಹನ್ನೊಂದು ವರ್ಷ ಕೆರೆ ಏರಿ ಮೇಲೇ ಓಡಾಡಿದ.

ಆಕಾಶಕ್ಕೂ ಇಂಥದ್ದೇ ಒಂದು ಪಹಣಿ ಇದೆ. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, 1944ರ ನವೆಂಬರ್ ಡಿಸೆಂಬರ್‌ನಲ್ಲಿ ಐವತ್ತಕ್ಕೂ ಹೆಚ್ಚು ದೇಶದವರು ಶಿಕಾಗೋದಲ್ಲಿ ಸೇರಿ ವಿಮಾನಯಾನದ ಒಪ್ಪಂದ ಬರೆದರು. ಅದರ ಮೊದಲನೇ ಕಲಮೇ ಇದು: ಒಂದು ದೇಶದ ನೆಲದ ಮೇಲಿನ ಆಕಾಶಕ್ಕೆ ಆ ದೇಶವೇ ಪೂರ್ತಿ ಒಡೆಯ. ಜೊತೆಗೆ ಇನ್ನೊಂದು ಕಾಗದ, ನಾವು ಒಬ್ಬರಿಗೊಬ್ಬರು ಮೇಲಿಂದ ಹಾದುಹೋಗೋಕೆ ಬಿಡ್ತೀವಿ ಅಂತ. ಅಂದ್ರೆ ಬಂಡಿದಾರಿಯ ಕರಾರು. ಸೋವಿಯತ್ ಒಕ್ಕೂಟ ಶಿಕಾಗೋಗೆ ಬರಲೇ ಇಲ್ಲ. ಹಾದುಹೋಗುವ ಆ ಕರಾರಿಗೆ ರಷ್ಯಾ ಇವತ್ತಿಗೂ ಸೇರಿಲ್ಲ. ಭೂಪಟದಲ್ಲಿ ಅದೆಷ್ಟು ಅಗಲದ ಹೊಲ ಅಂತ ನಿಮಗೇ ಗೊತ್ತು.

ಹಾಗಾಗಿ ಯುರೋಪಿನಿಂದ ಜಪಾನಿಗೆ ಹೋಗೋರು ಕೆರೆ ಏರಿ ಹಿಡಿಯಬೇಕಾಯ್ತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ 1954ರಲ್ಲಿ ಕೋಪನ್‌ಹೇಗನ್‌ನಿಂದ ಗ್ರೀನ್‌ಲ್ಯಾಂಡ್ ಮೂಲಕ ಲಾಸ್ ಏಂಜಲಿಸ್‌ಗೆ ಉತ್ತರದ ದಾರಿ ತೆರೆದಿತ್ತು. 1957ರ ಫೆಬ್ರವರಿಯಲ್ಲಿ ಅದೇ ಅನುಭವ ಹಿಡಿದು ಕೋಪನ್‌ಹೇಗನ್‌ನಿಂದ ಅಲಾಸ್ಕಾದ ಆಂಕರೇಜ್‌ಗೆ, ಅಲ್ಲಿಂದ ಟೋಕಿಯೋಗೆ ಹಾರಿಸಿದರು. ಧ್ರುವದ ಹತ್ತಿರ ದಿಕ್ಸೂಚಿ ಕೈಕೊಡುತ್ತೆ, ಮುಳ್ಳು ಎತ್ತ ಬೇಕಾದರತ್ತ ತಿರುಗುತ್ತೆ. ರೇಖಾಂಶಗಳೆಲ್ಲ ಒಂದೇ ಬಿಂದುವಿಗೆ ಬಂದು ಸೇರೋದರಿಂದ "ಉತ್ತರ" ಅನ್ನೋ ಮಾತಿಗೇ ಅರ್ಥ ಉಳಿಯಲ್ಲ. ಅದಕ್ಕೆ ನಕ್ಷೆ ಮೇಲೆ ಬೇರೆಯದೇ ಒಂದು ಚೌಕುಳಿ ಗೆರೆ ಎಳೆದುಕೊಂಡು, ಗೈರೋಸ್ಕೋಪು ನಂಬಿ, ನಕ್ಷತ್ರ ನೋಡಿ ಓಡಿಸಿದರು. ಮುಂದೆ ಮೂರು ದಶಕ ಆಂಕರೇಜ್ ಪ್ರಪಂಚದ ಅರಸೀಕೆರೆ ಜಂಕ್ಷನ್ ಆಗಿತ್ತು. ನಡುರಾತ್ರಿ ಇಂಧನಕ್ಕೆ ಇಳಿದ ಜಪಾನೀಯರಿಗೆ ಅಲ್ಲಿ ಬಿಸಿ ಬಿಸಿ ಉದೊನ್ ನೂಡಲ್ಸ್ ಸಿಗ್ತಿತ್ತಂತೆ. ಆ ತಲೆಮಾರಿನವರು ಅದನ್ನ ಇವತ್ತಿಗೂ ನೆನೆಸಿಕೊಳ್ತಾರೆ, ನಮ್ಮಲ್ಲಿ ಕೆಲವರು ಮದ್ದೂರು ವಡೆ ನೆನೆಸಿಕೊಳ್ಳೋ ಹಾಗೆ.

ಏರಿ ಮೇಲೆ ಹೋಗೋನು ತಪ್ಪಿ ಹೊಲಕ್ಕೆ ಕಾಲಿಟ್ಟರೆ? 1978ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಿಂದ ಆಂಕರೇಜ್ ಮೂಲಕ ಸೋಲ್‌ಗೆ ಹೊರಟ ಕೊರಿಯನ್ ಏರ್‌ಲೈನ್ಸ್ ವಿಮಾನ ಧ್ರುವದ ಬಳಿ ದಿಕ್ಕು ತಪ್ಪಿ, ಹಿಂದಕ್ಕೆ ತಿರುಗಿ, ಸೋವಿಯತ್ ನೆಲದ ಮೇಲೆ ಬಂತು. ಯುದ್ಧವಿಮಾನ ಹೊಡೀತು. ಪೈಲಟ್ ಹೇಗೋ ಹೆಪ್ಪುಗಟ್ಟಿದ ಕೆರೆ ಮೇಲೆ ಇಳಿಸಿದ. ಇಬ್ಬರು ಸತ್ತರು, ಉಳಿದವರು ಬದುಕಿದರು. ಐದು ವರ್ಷದ ನಂತರ, 1983ರ ಸೆಪ್ಟೆಂಬರ್ 1ಕ್ಕೆ, ಅದೇ ಕಂಪನಿಯ ಇನ್ನೊಂದು ವಿಮಾನ, ನ್ಯೂಯಾರ್ಕ್‌ನಿಂದ ಆಂಕರೇಜ್ ಮೂಲಕ ಸೋಲ್‌ಗೆ. ಆಂಕರೇಜ್ ಬಿಟ್ಟ ಮೇಲೆ ಆಟೋಪೈಲಟ್ ಇರಬೇಕಾದ ಮೋಡ್‌ನಲ್ಲಿರಲಿಲ್ಲ ಅನ್ನೋದು ತನಿಖೆಯ ತೀರ್ಮಾನ. ವಿಮಾನ ದಾರಿಯಿಂದ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ನೂರಾರು ಕಿಲೋಮೀಟರ್ ಆಚೆ ಹೋಯ್ತು. ಸಖಲಿನ್ ದ್ವೀಪದ ಬಳಿ ಹೊಡೆದುರುಳಿಸಿದರು. 269 ಜನ. ಒಬ್ಬರೂ ಉಳಿಯಲಿಲ್ಲ.

ಒಂದು ಸ್ವಿಚ್ ಎಲ್ಲಿರಬೇಕೋ ಅಲ್ಲಿರಲಿಲ್ಲ. ಸಾಫ್ಟ್‌ವೇರ್ ಬರೆಯೋ ನಮಗೆ ಈ ವಾಕ್ಯ ಓದಿದ್ರೆ ಹೊಟ್ಟೆಯಲ್ಲಿ ಒಂಥರಾ ಆಗಬೇಕು.

ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೇಗನ್ ಸರ್ಕಾರ, ಸೇನೆಗೆ ಅಂತ ಕಟ್ಟುತ್ತಿದ್ದ ಜಿಪಿಎಸ್ ಪೂರ್ತಿಯಾದ ಮೇಲೆ ಪ್ರಪಂಚದ ಎಲ್ಲ ವಿಮಾನಗಳಿಗೂ ಪುಕ್ಕಟೆ ಅಂತ ಘೋಷಿಸಿತು. ಜನಸಾಮಾನ್ಯರ ಸಿಗ್ನಲ್‌ನಲ್ಲಿ ಬೇಕಂತಲೇ ಸೇರಿಸಿದ್ದ ತಪ್ಪನ್ನು ತೆಗೆದದ್ದು 2000ದ ಮೇ ತಿಂಗಳಲ್ಲಿ. ನಾವು ಸಿಲ್ಕ್ ಬೋರ್ಡ್ ಹತ್ತಿರ ನಿಂತು "ಡ್ರೈವರ್ ಎರಡು ನಿಮಿಷ ಅಂತ ತೋರಿಸಿ ಇಪ್ಪತ್ತು ನಿಮಿಷ ಆಯ್ತು" ಅಂತ ಬೈಕೊಳ್ಳೋ ಆ ನೀಲಿ ಚುಕ್ಕೆಯ ಹಿಂದೆ ಈ ಕಥೆ ಇದೆ.

ಆಮೇಲೆ ಸೋವಿಯತ್ ಒಕ್ಕೂಟವೇ ಹೋಯ್ತು, ಬೇಲಿ ಸಡಿಲವಾಯ್ತು. ಸೈಬೀರಿಯಾ ಮೇಲೆ ಹಾದುಹೋಗೋಕೆ ರಷ್ಯಾ ದುಡ್ಡು ಇಸಕೊಂಡು ಬಿಟ್ಟಿತು. 1998ರ ಜುಲೈನಲ್ಲಿ ಹಾಂಗ್‌ಕಾಂಗ್‌ನ ಹೊಸ ನಿಲ್ದಾಣಕ್ಕೆ ಬಂದಿಳಿದ ಮೊದಲ ವಿಮಾನ ನ್ಯೂಯಾರ್ಕ್‌ನಿಂದ ಧ್ರುವದ ಮೇಲೆ ನಿಲ್ಲದೆ ಹಾರಿ ಬಂದದ್ದು. ಆಂಕರೇಜ್‌ನ ನೂಡಲ್ಸ್ ಅಂಗಡಿಗೆ ಗಿರಾಕಿ ಕಮ್ಮಿಯಾದರು.

ನನ್ನ ಬಗ್‌ನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: 1983ರ ಏಪ್ರಿಲ್‌ನಲ್ಲಿ ಫಿನ್ನೇರ್‌ನವರು ಸೋವಿಯತ್ ಆಕಾಶ ತಪ್ಪಿಸಿಕೊಂಡು, ಉತ್ತರ ಧ್ರುವದ ಮೇಲಿಂದ, ಎಲ್ಲೂ ನಿಲ್ಲದೆ ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲ ಸಲ ಹಾರಿದರು. ಹಿಡಿದ ಸಮಯ ಸುಮಾರು 13 ಗಂಟೆ. 2022ರಲ್ಲೂ 13 ಗಂಟೆ. ನಡುವೆ ಹೊಸ ಎಂಜಿನ್, ಹೊಸ ರೆಕ್ಕೆ, ಉಪಗ್ರಹ, ಕಂಪ್ಯೂಟರ್ ಎಲ್ಲ ಬಂದಿತ್ತು.

* * *

ಇದೆಲ್ಲ ಯಾರದೋ ಊರ ಕಥೆ ಅಂದ್ಕೋಬೇಡಿ. ನಮ್ಮ ಅಂಗಳದ್ದೇ ಒಂದಿದೆ.

1971ರ ಜನವರಿ 30ಕ್ಕೆ ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ 'ಗಂಗಾ' ಅನ್ನೋ ಪುಟ್ಟ ವಿಮಾನವನ್ನು ಇಬ್ಬರು ಅಪಹರಿಸಿ ಲಾಹೋರಿಗೆ ಒಯ್ದರು. ಪ್ರಯಾಣಿಕರನ್ನು ಬಿಟ್ಟರು, ವಿಮಾನಕ್ಕೆ ಬೆಂಕಿ ಇಟ್ಟರು. ಫೆಬ್ರವರಿ 4ಕ್ಕೆ ಭಾರತ ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಆಗ ಪಾಕಿಸ್ತಾನ ಅಂದ್ರೆ ಎರಡು ತುಂಡು. ಪಶ್ಚಿಮದಲ್ಲಿ ಕರಾಚಿ, ಪೂರ್ವದಲ್ಲಿ ಢಾಕಾ, ನಡುವೆ ಭಾರತ ಅನ್ನೋ ಹೊಲ. ಕರಾಚಿಯಿಂದ ಢಾಕಾಗೆ ನೇರ ಅಳೆದರೆ ಸುಮಾರು 2,400 ಕಿಲೋಮೀಟರ್. ಮುಳ್ಳು ಬಿದ್ದ ಮೇಲೆ ಭಾರತದ ಪಶ್ಚಿಮ ಕರಾವಳಿಯ ಆಚೆ ಸಮುದ್ರದ ಮೇಲೆ ದಕ್ಷಿಣಕ್ಕೆ ಇಳಿದು, ಶ್ರೀಲಂಕಾ ಸುತ್ತಿ, ಬಂಗಾಳ ಕೊಲ್ಲಿ ಹತ್ತಿ ಹೋಗಬೇಕು. 4,500ಕ್ಕೂ ಮೇಲೆ. ಕೊಲಂಬೋದಲ್ಲಿ ಇಂಧನ. ಆ ಮಾರ್ಚ್‌ನಲ್ಲಿ ಸೈನಿಕರು ಇದೇ ದಾರಿಯಲ್ಲಿ ಢಾಕಾಗೆ ಹೋದರು. ಎರಡು ತುಂಡು ಒಂದೇ ದೇಶ ಅಂತ ಹೇಳ್ಕೊಂಡಿದ್ದರಲ್ಲ, ಆ ಎರಡು ತುಂಡಿನ ನಡುವೆ ದೂರ ಒಂದೇ ದಿನದಲ್ಲಿ ದುಪ್ಪಟ್ಟಾಗಿತ್ತು.

ಪಾಕಿಸ್ತಾನ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದೂರು ಕೊಟ್ಟಿತು. ಈ ದೂರು ಕೇಳೋ ಅಧಿಕಾರ ನಿಮಗಿಲ್ಲ ಅಂತ ಭಾರತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು. ಅಧಿಕಾರ ಇದೆ ಅಂತ ತೀರ್ಪು ಬಂತು, 1972ರ ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಢಾಕಾ ಬೇರೆ ದೇಶದ ರಾಜಧಾನಿ. ನಮ್ಮ ತಹಸೀಲ್ದಾರ್ ಆಫೀಸಿನ ಅರ್ಜಿ ನೆನಪಾದರೆ ತಪ್ಪು ನನ್ನದಲ್ಲ.

ಅದೇ ಬೇಲಿ, ಈ ಸಲ ಆ ಕಡೆಯಿಂದ, 2019ರ ಫೆಬ್ರವರಿ 27ಕ್ಕೆ ಬಿತ್ತು. ಬಾಲಾಕೋಟ್ ದಾಳಿಯ ಮರುದಿನ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಜುಲೈ 16ರವರೆಗೂ ಭಾರತಕ್ಕೆ ಬರುವ ಹೋಗುವ ವಿಮಾನಗಳು ಸುತ್ತು ಹಾಕಿದವು. ಜುಲೈ 2ರ ಹೊತ್ತಿಗೆ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟ ಅಂತ ಸಂಸತ್ತಿನಲ್ಲಿ ಸರ್ಕಾರವೇ ಹೇಳಿತು. ಯುರೋಪಿನಿಂದ ಬರುವವರಿಗೂ ಸುತ್ತು. ಆ ಯುರೋಪಿನ ವಿಮಾನವೊಂದರಲ್ಲಿ, ಮಾರ್ಚ್ ತಿಂಗಳ ಒಂದು ರಾತ್ರಿ, ನಾನಿದ್ದೆ.

ಆಗ ನಾನು ಸ್ಯಾನ್‌ಫ್ರಾನ್ಸಿಸ್ಕೋ ಪಕ್ಕದಲ್ಲಿ ಕೆಲಸಕ್ಕಿದ್ದೆ. ಅಪ್ಪನಿಗೆ ಹಾಸನದ ಆಸ್ಪತ್ರೆಯಲ್ಲಿ ಐಸಿಯು. ಚಿಕ್ಕಪ್ಪ ಫೋನ್ ಮಾಡಿ "ಬರೋದಾದ್ರೆ ಈಗ್ಲೇ ಬಾ ಮಗ" ಅಂದ. ಹಳ್ಳಿಯಲ್ಲಿ ಈ ಮಾತಿಗೆ ಒಂದೇ ಅರ್ಥ. ಬೆಂಗಳೂರಿಗೆ ನೇರ ವಿಮಾನ ಇರಲಿಲ್ಲ. ಹನ್ನೊಂದು ಗಂಟೆ ಯುರೋಪಿಗೆ, ಅಲ್ಲಿ ಮೂರು ಗಂಟೆ ಕಾಯೋದು. ಹತ್ತೋ ಮುಂಚೆ ಫೋನ್ ಮಾಡಿದೆ. ಚಿಕ್ಕಪ್ಪ ಫೋನನ್ನ ಅಪ್ಪನ ಕಿವಿಗೆ ಹಿಡಿದ. ಅಪ್ಪ ಕೇಳಿದ್ದು "ಎಷ್ಟೊತ್ತಾಯ್ತದೆ?" ಅಂತ. ಎಲ್ಲಿದೀಯ ಅಂತಲ್ಲ, ಎಷ್ಟು ದೂರ ಅಂತಲ್ಲ. "ಬೆಳಕು ಹರಿಯೋ ಹೊತ್ತಿಗೆ ಬಂದ್ಬಿಡ್ತೀನಪ್ಪ" ಅಂದೆ.

ವಿಮಾನ ಹತ್ತಿದ ಮೇಲೆ ಪೈಲಟ್ ಹೇಳಿದ, ಇವತ್ತು ದಾರಿ ಬದಲಾಗಿದೆ, ಒಂದೂಕಾಲು ಗಂಟೆ ಹೆಚ್ಚು ಹಿಡಿಯುತ್ತೆ ಅಂತ. ಮುಂದಿನ ಸೀಟಿನ ಪರದೆ ಮೇಲೆ ನಮ್ಮ ಪುಟ್ಟ ವಿಮಾನ ಕೊಲ್ಲಿಯ ಕಡೆಗೆ ಇಳಿದು ಅರಬ್ಬೀ ಸಮುದ್ರ ಹಿಡೀತು. ದೂರ ಕಮ್ಮಿ ಆಗ್ತಾ ಇತ್ತು, ಉಳಿದ ಸಮಯ ಮಾತ್ರ ಹಾಗೇ ಇತ್ತು. ನಿದ್ದೆ ಬರಲಿಲ್ಲ. ಇಳಿದು ಫೋನ್ ಆನ್ ಮಾಡಿದಾಗ ಚಿಕ್ಕಪ್ಪನ ಮೆಸೇಜು ಬಂದು ನಲವತ್ತು ನಿಮಿಷ ಆಗಿತ್ತು.

ಈ ಲೆಕ್ಕ ನಾನು ಹಲವು ಸಲ ಹಾಕಿದ್ದೀನಿ. ಒಂದೂಕಾಲು ಗಂಟೆ ಉಳಿದಿದ್ದರೆ ನಾನು ಅಪ್ಪನನ್ನ ನೋಡ್ತಿದ್ನಾ? ಇಲ್ಲ. ದೇವನಹಳ್ಳಿಯಿಂದ ಹಾಸನಕ್ಕೆ ರಾತ್ರಿಯಲ್ಲೂ ನಾಲ್ಕು ಗಂಟೆ. ಆದ್ರೆ ಇಮಿಗ್ರೇಶನ್ ಸಾಲಿನಲ್ಲಿ ನಿಂತು ಫೋನ್ ಹಚ್ಚುತ್ತಿದ್ದೆ, ಚಿಕ್ಕಪ್ಪ ಮತ್ತೆ ಕಿವಿಗೆ ಹಿಡೀತಿದ್ದ. "ಇಳಿದೆ ಅಪ್ಪ" ಅನ್ನೋದಕ್ಕೆ ಮೂವತ್ತೈದು ನಿಮಿಷ ಇರ್ತಿತ್ತು. ಎರಡು ಸರ್ಕಾರಗಳ ಜಗಳದಲ್ಲಿ ನನ್ನ ಪಾಲಿಗೆ ಬಂದ ನಷ್ಟ ಇಷ್ಟು. 491 ಕೋಟಿಯ ಪಟ್ಟಿಯಲ್ಲಿ ಅದು ಸೇರಲ್ಲ. ಆ ಫೆಬ್ರವರಿಯಲ್ಲಿ ಸತ್ತ ಸೈನಿಕರ ಮನೆಗಳ ಮುಂದೆ ಇದು ಏನೂ ಅಲ್ಲ ಅಂತ ನನಗೂ ಗೊತ್ತು. ಆದರೂ ಲೆಕ್ಕ ಹಾಕ್ತೀನಿ.

ಇನ್ನೊಂದು ಲೆಕ್ಕವೂ ಇದೆ, ಅದು ಇನ್ನೂ ಕೆಟ್ಟದ್ದು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಒಂದು ಬೋಯಿಂಗ್ 777 ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟಿತು. ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ, ಶಿವಾನಿ ಮನ್ಹಾಸ್, ನಾಲ್ಕೂ ಜನ ಮಹಿಳಾ ಪೈಲಟ್‌ಗಳು. ಸುಮಾರು 17 ಗಂಟೆ ಹಾರಿ, ಉತ್ತರ ಧ್ರುವದ ಮೇಲಿಂದ, 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಸಿದರು. ಈ ಎರಡು ನಿಲ್ದಾಣಗಳ ನಡುವೆ ಮೊದಲ ನೇರ ವಿಮಾನ. ನಾನು ಅಷ್ಟೊತ್ತಿಗೆ ಕೆಲಸ ಬಿಟ್ಟು ಬೆಂಗಳೂರಿಗೆ ಬಂದಿದ್ದೆ. ಲಾಕ್‌ಡೌನ್ ಕಾಲದ ನಿದ್ದೆಗೆಟ್ಟ ಅಭ್ಯಾಸ, ಆಪ್‌ನಲ್ಲಿ ಆ ವಿಮಾನ ಧ್ರುವ ದಾಟಿ ಬರೋವರೆಗೂ ಎದ್ದಿದ್ದೆ.

ಅವರು ಕ್ರಮಿಸಿದ್ದು ಸುಮಾರು 16,000 ಕಿಲೋಮೀಟರ್ ಅಂತ ವರದಿ. ನನ್ನ ದಾರದ ಲೆಕ್ಕಕ್ಕಿಂತ ಎರಡು ಸಾವಿರ ಜಾಸ್ತಿ. ದಾರ ಟಿಬೆಟ್ ಮೇಲೆ ಹೋಗುತ್ತೆ ಅಂದಿದ್ದೆನಲ್ಲ, ವಿಮಾನ ಅಲ್ಲಿ ಹೋಗೋಕೆ ಹಿಂಜರಿಯುತ್ತೆ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ತಲೆ ಮೇಲಿಂದ ಮಾಸ್ಕ್ ಬೀಳುತ್ತೆ ಗೊತ್ತಲ್ಲ, ಅದರಲ್ಲಿರೋ ಆಮ್ಲಜನಕ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷಕ್ಕೆ. ಅಷ್ಟರಲ್ಲಿ ಪೈಲಟ್ ಹತ್ತು ಸಾವಿರ ಅಡಿಗೆ ಇಳಿಸಬೇಕು, ಅಂದ್ರೆ ಮೂರು ಕಿಲೋಮೀಟರ್ ಎತ್ತರಕ್ಕೆ. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯೋದಾದರೂ ಎಲ್ಲಿಗೆ? ಧ್ರುವದ ಮೇಲೆ ಬೇರೆ ತಾಪತ್ರಯ: ಇಂಧನ ಹೆಪ್ಪುಗಟ್ಟೋ ಭಯ, ರೇಡಿಯೋ ಸಿಗದಿರೋದು. ಆದ್ರೆ ಕೆಳಗೆ ಸಮುದ್ರಮಟ್ಟದ ಮಂಜು, ಅದಕ್ಕೆ ಒಡೆಯನಿಲ್ಲ. ಆ ಕಡೆ ಇಳಿದ ಮೇಲೆ ರಷ್ಯಾ. ರಷ್ಯಾ ನಮ್ಮನ್ನ ಬಿಡುತ್ತೆ. ಯುನೈಟೆಡ್ ಏರ್‌ಲೈನ್ಸ್ ಕೂಡ ಇದೇ ಎರಡು ನಿಲ್ದಾಣಗಳ ನಡುವೆ ಹಾರಿಸ್ತೀವಿ ಅಂತ 2020ರಲ್ಲೇ ಘೋಷಿಸಿತ್ತು. ಮುಂದೆ ಹಾಕುತ್ತಾ ಬಂತು, ಅಷ್ಟರಲ್ಲಿ ಉಕ್ರೇನ್ ಯುದ್ಧ ಬಂತು, ಅಮೆರಿಕದವರಿಗೆ ರಷ್ಯಾದ ಆಕಾಶ ಮುಚ್ಚಿಹೋಯ್ತು. ಆ ವಿಮಾನ ಹಾರಲೇ ಇಲ್ಲ.

ಆ ಬೆಳಗಿನ ಜಾವ ನಾನು ಹಾಕಿದ ಲೆಕ್ಕ ನೀವೂ ಹಾಕಿರ್ತೀರಿ. ಹದಿನೇಳು ಗಂಟೆ, ಒಂದು ಗಂಟೆ ಇಮಿಗ್ರೇಶನ್, ನಾಲ್ಕು ಗಂಟೆ ಹಾಸನ. ಇಪ್ಪತ್ತೆರಡು. ಅಪ್ಪ ಹೋಗಿದ್ದು ನಾನು ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟ ಇಪ್ಪತ್ಮೂರೂವರೆ ಗಂಟೆಗೆ. ಎರಡು ವರ್ಷ ಆಮೇಲೆ ಶುರುವಾದ ವಿಮಾನದಿಂದ ಎರಡು ವರ್ಷದ ಹಿಂದಿನ ರಾತ್ರಿಯನ್ನ ಕಳೆಯೋದು ತಪ್ಪು ಲೆಕ್ಕ. ಕೋಡ್ ರಿವ್ಯೂನಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನೇ ವಾಪಸ್ ಕಳಿಸ್ತಿದ್ದೆ.

ಬಗ್ ಏನಾಯ್ತು ಅಂತ ಹೇಳಿಬಿಡ್ತೀನಿ. ಆ ಆರು ಸಾಲು ಅಳಿಸಿದೆ. ದೂರದಿಂದ ಸಮಯ ಲೆಕ್ಕ ಹಾಕೋದನ್ನ ಬಿಟ್ಟು, ವಿಮಾನ ಕಂಪನಿಗಳ ವೇಳಾಪಟ್ಟಿಯಿಂದಲೇ ನೇರ ತರಿಸಿಕೊಳ್ಳೋ ಹಾಗೆ ಬರೆದೆ. ಪಟ್ಟಿ ಬದಲಾದಾಗೆಲ್ಲ ಪುಟವೂ ಬದಲಾಗುತ್ತೆ. 2025ರ ಏಪ್ರಿಲ್ 24ಕ್ಕೆ ಪಾಕಿಸ್ತಾನ ಮತ್ತೆ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ನಾನು ಆ ಕಂಪನಿಯಲ್ಲಿರಲಿಲ್ಲ, ಆದರೂ ಪುಟ ತೆಗೆದು ನೋಡಿದೆ. ದೆಹಲಿಯಿಂದ ಪಶ್ಚಿಮಕ್ಕೆ ಹೋಗೋ ಗಂಟೆಗಳು ಉದ್ದ ಆಗಿದ್ದವು. ದೂರದ ಜಾಗದಲ್ಲಿ ಅದೇ ಹಳೇ ಸಂಖ್ಯೆ.

ಬಂಡಿದಾರಿಯ ಕಥೆ ಪೂರ್ತಿ ಹೇಳಲಿಲ್ಲ. ಅವತ್ತು ಬೆಳಗ್ಗೆ ಹಾಸನದಿಂದ ಅಪ್ಪನನ್ನ ಊರಿಗೆ ತಂದೆವು. ತೋಟದಲ್ಲೇ ಮಣ್ಣು ಮಾಡೋದು ಅಂತ ತೀರ್ಮಾನವಾಯ್ತು. ಏರಿ ಮೇಲೆ ಹೊತ್ತುಕೊಂಡು ಹೋಗೋದಾದರೆ ಎಷ್ಟೊತ್ತಾಗುತ್ತೆ, ಬಿಸಿಲು ಏರುತ್ತೆ, ಅಂತ ಹಿರಿಯರು ಮಾತಾಡ್ತಿದ್ದರು. ಅಷ್ಟರಲ್ಲಿ ಯಾರೋ ಹುಡುಗ ಓಡಿ ಬಂದು ಹೇಳಿದ. ನಡುಹೊಲದವರು ಬೆಳಗ್ಗೆನೇ ಕುಡುಗೋಲು ತಗೊಂಡು ಹೋಗಿ ಜಾಲಿಮುಳ್ಳು ಎಳೆದು ಹಾಕಿದ್ದರು. ನಾವು ಆ ಬದುವಿನ ಮೇಲೆ ಹೋದೆವು. ಅವರು ಹೊಲದ ಅಂಚಿನಲ್ಲಿ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದರು, ನಾನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಮನೆಯಿಂದ ತೋಟಕ್ಕೆ ಆರು ನಿಮಿಷ ಆಯ್ತು.

ತಿಥಿ ಮುಗಿದ ಮೇಲೆ ಮುಳ್ಳು ಮತ್ತೆ ಬಿತ್ತು. ಆದ್ರೆ ಪೂರ್ತಿ ಅಲ್ಲ, ಒಂದು ಪಕ್ಕಕ್ಕೆ ಸಂದು ಬಿಟ್ಟಿದ್ದಾರೆ. ಬಂಡಿ ಹೋಗಲ್ಲ. ಅಮ್ಮ ಹೋಗ್ತಾಳೆ.